ಮುಂದಿನ ವಾರ ನನಗೆ ಎಷ್ಟು ಗಂಟೆ?

ಬ್ರೇಕ್ ರೂಮಿನ ಬಾಗಿಲ ಹಿಂದೆ ಎರಡು ಪಿನ್ನು ಚುಚ್ಚಿ ಮುಂದಿನ ವಾರದ ಪಾಳಿಗಳ ಒಂದು ಹಾಳೆ ಹಾಕುತ್ತಿದ್ದರು. ಅದು ಬರುತ್ತಿದ್ದದ್ದು ಶುಕ್ರವಾರ ಸಂಜೆ. ವಾರ ಶುರುವಾಗುತ್ತಿದ್ದದ್ದು ಭಾನುವಾರ. ಎಡಗಡೆ ನಮ್ಮ ಹೆಸರುಗಳು, ಮೇಲೆ ಏಳು ದಿನಗಳು. ಕೆಲವು ಚೌಕಗಳಲ್ಲಿ 7–3, ಕೆಲವುಗಳಲ್ಲಿ 3–11, ಕೆಲವು ಖಾಲಿ. ಇನ್ನು ಕೆಲವುಗಳಲ್ಲಿ ಬರೀ ಎರಡು ಅಕ್ಷರ: ಓ.ಸಿ. ಅಂದರೆ ಆನ್ ಕಾಲ್. ಆ ಪಾಳಿಗೆ ಎರಡು ಗಂಟೆ ಮುಂಚೆ ನಾವೇ ಅಂಗಡಿಗೆ ಫೋನ್ ಮಾಡಿ ಕೇಳಬೇಕು. ಬಾ ಅಂದರೆ ಓಡಬೇಕು. ಬೇಡ ಅಂದರೆ ಆ ದಿನ ಹೋಯಿತು, ಒಂದು ಸೆಂಟೂ ಇಲ್ಲ.

ಹಾಳೆ ಬಂದ ತಕ್ಷಣ ಎಲ್ಲರೂ ಅದರ ಫೋಟೋ ತೆಗೆದುಕೊಳ್ಳುತ್ತಿದ್ದೆವು. ನಾನು ಅಲ್ಲೇ ನಿಂತು ನನ್ನ ಸಾಲಿನ ಗಂಟೆಗಳನ್ನು ಕೂಡಿಸುತ್ತಿದ್ದೆ. ಎರಡು ಸಲ ಕೂಡಿಸುತ್ತಿದ್ದೆ. ಮೊದಲ ಸಲ ಕಡಿಮೆ ಬಂದರೆ ಎಲ್ಲೋ ತಪ್ಪಿರಬಹುದು ಎಂಬ ಆಸೆ.

ಇದು ಅಮೆರಿಕದ ವಾಷಿಂಗ್ಟನ್ ರಾಜ್ಯದ ಸಿಯಾಟಲ್ ನಗರದ ನಡುಮಧ್ಯದ ಒಂದು ದೊಡ್ಡ ಬಟ್ಟೆ ಅಂಗಡಿ. ಹೆಸರು ಬೇಡ. ಇಲ್ಲಿರುವ ಕನ್ನಡದವರೆಂದರೆ ಎಲ್ಲರೂ ಸಾಫ್ಟ್‌ವೇರ್ ಅಂದುಕೊಳ್ಳುತ್ತಾರೆ. ನಾವು ಹಾಗಲ್ಲ. 2013ರಲ್ಲಿ ಗ್ರೀನ್ ಕಾರ್ಡ್ ಮೇಲೆ ಬಂದೆವು. ನಮ್ಮ ಮನೆಯವರಿಗೆ ಗೋದಾಮಿನಲ್ಲಿ ರಾತ್ರಿ ಪಾಳಿ ಸಿಕ್ಕಿತು. 2014ರ ನವೆಂಬರ್‌ನಲ್ಲಿ ಹಬ್ಬದ ಸೀಸನ್ನಿಗೆಂದು ಅಂಗಡಿಯವರು ಜನ ತೆಗೆದುಕೊಂಡಾಗ ನಾನೂ ಸೇರಿಕೊಂಡೆ. ಗಂಟೆಗೆ 9 ಡಾಲರ್ 32 ಸೆಂಟ್. ಆಗ ವಾಷಿಂಗ್ಟನ್ ರಾಜ್ಯದ ಕನಿಷ್ಠ ವೇತನ ಅಷ್ಟೇ. ಮಗನಿಗೆ ಆಗ ಮೂರು ವರ್ಷ.

ನಾನು ಸೇರುವ ಐದು ತಿಂಗಳ ಹಿಂದೆ, 2014ರ ಜೂನ್ 2ರಂದು, ಸಿಯಾಟಲ್ ನಗರ ಕೌನ್ಸಿಲ್ ಕನಿಷ್ಠ ವೇತನವನ್ನು ಹಂತ ಹಂತವಾಗಿ 15 ಡಾಲರಿಗೆ ಏರಿಸುವ ಕಾನೂನು ಮಾಡಿತ್ತು. ಅದಕ್ಕಾಗಿ ನಾನು ಒಂದು ಹೆಜ್ಜೆಯನ್ನೂ ಹಾಕಿರಲಿಲ್ಲ. 2012ರ ನವೆಂಬರ್ 29ರಂದು ನ್ಯೂಯಾರ್ಕಿನಲ್ಲಿ ಬರ್ಗರ್ ಅಂಗಡಿಗಳ ಸುಮಾರು ಇನ್ನೂರು ಮಂದಿ ಕೆಲಸ ನಿಲ್ಲಿಸಿ ಬೀದಿಗೆ ಬಂದಿದ್ದರು. 15 ಡಾಲರ್ ಬೇಕು, ಯೂನಿಯನ್ ಬೇಕು ಅಂತ. ಆಗ 15 ಅಂದರೆ ಜನ ನಕ್ಕರಂತೆ. ಮುಂದಿನ ಮೇ ತಿಂಗಳಲ್ಲಿ ಸಿಯಾಟಲ್ಲಿನವರೂ ಹೊರಬಂದರು. ಅದೇ ವರ್ಷ ಪಕ್ಕದ ಪುಟ್ಟ ಊರು ಸೀಟ್ಯಾಕ್‌ನಲ್ಲಿ, ವಿಮಾನ ನಿಲ್ದಾಣ ಇರುವ ಊರದು, 15 ಡಾಲರ್ ಪ್ರಸ್ತಾಪ ಜನರ ಮತಕ್ಕೆ ಹೋಗಿ 77 ಮತಗಳ ಅಂತರದಲ್ಲಿ ಗೆದ್ದಿತು. ಬರೀ 77! ಆ ಊರಲ್ಲಿ ಮನೆಮನೆ ಬಾಗಿಲು ತಟ್ಟಿದವರಲ್ಲಿ ನಾಲ್ಕು ಜನ ಸುಸ್ತಾಗಿ ಮನೆಯಲ್ಲಿ ಕೂತಿದ್ದರೆ ಏನಾಗುತ್ತಿತ್ತೋ. ಇದನ್ನು ನಾನು ಯಾವಾಗಲೂ ನೆನೆಯುತ್ತೇನೆ. ಮುಖವೇ ಗೊತ್ತಿಲ್ಲದ ಯಾರೋ ನಡೆದಿದ್ದಕ್ಕೆ ನನ್ನ ಸಂಬಳ 2015ರ ಏಪ್ರಿಲ್‌ನಲ್ಲಿ 11 ಡಾಲರ್ ಆಯಿತು, 2016ರ ಜನವರಿಯಲ್ಲಿ 13 ಆಯಿತು.

13 ಆದ ದಿನ ಖುಷಿಯಾಗಿ ಮನೆಯವರಿಗೆ ಫೋನ್ ಮಾಡಿದ್ದೆ. ಆ ತಿಂಗಳ ಎರಡನೇ ವಾರದ ಹಾಳೆಯಲ್ಲಿ ನನ್ನ ಹೆಸರಿನ ಮುಂದೆ 14 ಗಂಟೆ ಇತ್ತು. ಡಿಸೆಂಬರಿನಲ್ಲಿ 31 ಗಂಟೆ ಮಾಡುತ್ತಿದ್ದವಳು ನಾನು. 13 ಡಾಲರಿನಂತೆ 14 ಗಂಟೆಗೆ 182 ಡಾಲರ್. ಹಳೇ 9.32ರ ದರದಲ್ಲೇ 31 ಗಂಟೆ ಸಿಕ್ಕಿದ್ದರೆ 288 ಡಾಲರಿಗಿಂತ ಜಾಸ್ತಿ ಬರುತ್ತಿತ್ತು. ಬಸ್ಸಿನಲ್ಲಿ ಕೂತು ಫೋನಿನ ಕ್ಯಾಲ್ಕುಲೇಟರಿನಲ್ಲಿ ಈ ಲೆಕ್ಕ ಮಾಡಿದ್ದು ಇವತ್ತಿಗೂ ನೆನಪಿದೆ. ಗಂಟೆಗೆ ಎಷ್ಟು ಅನ್ನುವುದು ಅರ್ಧ ಲೆಕ್ಕ ಮಾತ್ರ. ಎಷ್ಟು ಗಂಟೆ, ಯಾವ ಗಂಟೆ ಅನ್ನುವುದು ಇನ್ನರ್ಧ. ಆ ಇನ್ನರ್ಧದ ಮೇಲೆ ನಮಗೆ ಯಾವ ಹಿಡಿತವೂ ಇರಲಿಲ್ಲ.

ಮ್ಯಾನೇಜರ್ ಕೆಟ್ಟವಳಲ್ಲ. ಇದನ್ನು ಹೇಳಲೇಬೇಕು. ಅವಳೂ ರಾತ್ರಿ ಹನ್ನೊಂದರವರೆಗೆ ಪೆಟ್ಟಿಗೆ ಹೊರುತ್ತಿದ್ದಳು. ಗಂಟೆಗಳನ್ನು ಹಂಚುತ್ತಿದ್ದದ್ದು ಒಂದು ಕಂಪ್ಯೂಟರ್ ಪ್ರೋಗ್ರಾಂ. ಹೋದ ವರ್ಷ ಇದೇ ವಾರ ಎಷ್ಟು ವ್ಯಾಪಾರ ಆಗಿತ್ತು, ಈ ವಾರ ಮಳೆ ಇದೆಯಾ, ಯಾವ ಹೊತ್ತಿನಲ್ಲಿ ಎಷ್ಟು ಜನ ಬಾಗಿಲು ದಾಟುತ್ತಾರೆ, ಇದೆಲ್ಲ ನೋಡಿ ಅದು ಜನ ಹಾಕುತ್ತದೆ. ಮೇಲಿನ ಕಚೇರಿಯಿಂದ ಅವಳಿಗೆ ಬರುತ್ತಿದ್ದದ್ದು ಒಂದೇ ಅಂಕಿ: ಈ ವಾರ ಇಷ್ಟು ಗಂಟೆಯೊಳಗೆ ಮುಗಿಸು. ಮಳೆ ಬಂದು ಗಿರಾಕಿಗಳು ಕಡಿಮೆಯಾದರೆ ಅಂಗಡಿಯ ಬಾಡಿಗೆ ಇಳಿಯುವುದಿಲ್ಲ, ಕರೆಂಟ್ ಬಿಲ್ ಇಳಿಯುವುದಿಲ್ಲ. ಇಳಿಸೋಕೆ ಸಿಗುವವರು ನಾವು ಮಾತ್ರ. ಮೂರು ಗಂಟೆಗೆ ಬಂದವರನ್ನು ನಾಲ್ಕೂವರೆಗೆ “ಇವತ್ತು ಜನ ಇಲ್ಲ, ನೀವು ಮನೆಗೆ ಹೋಗಿ” ಅಂತ ಕಳಿಸುತ್ತಿದ್ದರು. ಒಂದೂವರೆ ಗಂಟೆ ಸಂಬಳಕ್ಕೆ ನಾನು ಬಸ್ಸಿನಲ್ಲಿ ಎರಡು ಗಂಟೆ ಕೂತಿರುತ್ತಿದ್ದೆ.

ಇನ್ನೊಂದು ವಿಷಯ. ಸರಾಸರಿ ವಾರಕ್ಕೆ 30 ಗಂಟೆ ಮಾಡುವವರಿಗೆ ದೊಡ್ಡ ಕಂಪನಿಗಳು ಆರೋಗ್ಯ ವಿಮೆ ಕೊಡಬೇಕು ಎನ್ನುವ ನಿಯಮ ಈ ದೇಶದಲ್ಲಿ 2015ರಿಂದ ಇದೆ. ಹಾಗಾಗಿ ಹತ್ತು ಜನಕ್ಕೆ ಮೂವತ್ತು ಗಂಟೆ ಕೊಡುವುದಕ್ಕಿಂತ ಇಪ್ಪತ್ತು ಜನಕ್ಕೆ ಹದಿನೈದು ಗಂಟೆ ಕೊಡುವುದು ಅಂಗಡಿಗೆ ಅನುಕೂಲ. ಕರೆದಾಗ ಇಪ್ಪತ್ತರಲ್ಲಿ ಯಾರಾದರೂ ಸಿಕ್ಕೇ ಸಿಗುತ್ತಾರೆ. ನಾವು ಜಾಸ್ತಿ ಗಂಟೆ ಬೇಕು ಅಂತ ಕೇಳುತ್ತಿರುವಾಗಲೇ ಬಾಗಿಲಲ್ಲಿ “ಕೆಲಸಕ್ಕೆ ಬೇಕಾಗಿದ್ದಾರೆ” ಬೋರ್ಡ್ ತೂಗುತ್ತಿತ್ತು.

ಎಲ್ಲಕ್ಕಿಂತ ಕಷ್ಟವಾಗಿದ್ದು ಕ್ಲೋಪನಿಂಗ್. ರಾತ್ರಿ ಅಂಗಡಿ ಮುಚ್ಚಿದವರೇ ಬೆಳಿಗ್ಗೆ ಬಂದು ತೆರೆಯುವುದು. ಅಂಗಡಿ ಜನ ಕ್ಲೋಸಿಂಗ್, ಓಪನಿಂಗ್ ಎರಡನ್ನೂ ಸೇರಿಸಿ ಮಾಡಿಕೊಂಡ ಪದ ಅದು. 2016ರ ಫೆಬ್ರವರಿಯ ಒಂದು ಮಂಗಳವಾರ ಹೇಳುತ್ತೇನೆ. ಹತ್ತಕ್ಕೆ ಬಾಗಿಲು ಹಾಕಿದೆವು. ಟ್ರಯಲ್ ರೂಮಿನಲ್ಲಿ ಬಿದ್ದ ಬಟ್ಟೆ ಮಡಚಿ, ಹ್ಯಾಂಗರ್ ವಿಂಗಡಿಸಿ, ನೆಲ ಗುಡಿಸಿ ಹೊರಬಿದ್ದಾಗ ಹನ್ನೊಂದೂವರೆ. ನಮ್ಮ ಮನೆಯಿರುವ ಊರು ರೆಂಟನ್‌ಗೆ ಹೋಗುವ 101ನೇ ನಂಬರ್ ಬಸ್ಸು ಹಿಡಿದು ಮನೆ ಸೇರಿದಾಗ ಹನ್ನೆರಡೂವರೆ ದಾಟಿತ್ತು. ಬೆಳಿಗ್ಗೆ ಆರಕ್ಕೆ ಹೊಸ ಮಾಲು ಇಳಿಸಬೇಕು. ನಾಲ್ಕಕ್ಕೆ ಅಲಾರಂ. ಮಲಗಿದರೆ ಏಳುವುದಕ್ಕೆ ಆಗುವುದಿಲ್ಲ ಎಂಬ ಹೆದರಿಕೆಗೆ ಕುರ್ಚಿಯಲ್ಲೇ ಕೂತು ನಿದ್ದೆ ಮಾಡಿದೆ, ಯೂನಿಫಾರಂ ಹಾಕಿಕೊಂಡೇ. ಮನೆಯವರು ಪಾಳಿ ಮುಗಿಸಿ ಬರುವುದು ಆರಕ್ಕೆ. ನಾನು ಐದಕ್ಕೆ ಹೊರಡಬೇಕು. ನಡುವಿನ ಆ ಒಂದು ಗಂಟೆ ಮಗನನ್ನು ಯಾರು ನೋಡುವುದು? ಪಕ್ಕದ ಮನೆಯ ಅಜ್ಜಿ ನೈಟ್ ಗೌನಿನಲ್ಲೇ ಬಂದು ನಮ್ಮ ಸೋಫಾದ ಮೇಲೆ ಕೂತುಕೊಂಡರು. ಅವರು ವಿಯೆಟ್ನಾಂನವರು. ನನ್ನ ಭಾಷೆ ಅವರಿಗೆ ಬರಲ್ಲ, ಅವರದ್ದು ನನಗೆ ಬರಲ್ಲ. ಹಿಂದಿನ ಸಂಜೆ ಗಡಿಯಾರ ತೋರಿಸಿ ಐದು ಬೆರಳು ಎತ್ತಿದ್ದೆ, ಅಷ್ಟೇ. ಆ ಋಣ ನನ್ನ ಮೇಲೆ ಹಾಗೇ ಇದೆ.

ಡೇ ಕೇರ್ ಇಲ್ವಾ ಅಂತ ಕೇಳಬಹುದು. ಇತ್ತು. ಡೇ ಕೇರ್‌ನವರಿಗೆ ಯಾವ ದಿನ, ಎಷ್ಟು ಹೊತ್ತು ಅಂತ ತಿಂಗಳ ಮೊದಲೇ ಹೇಳಿ ದುಡ್ಡು ಕಟ್ಟಬೇಕು. ಸೋಮ, ಬುಧ, ಗುರು ಅಂತ ಕಟ್ಟಿದರೆ ಹಾಳೆಯಲ್ಲಿ ಮಂಗಳ, ಶುಕ್ರ, ಶನಿ ಬರುತ್ತಿತ್ತು. ಕೆಲಸವಿಲ್ಲದ ದಿನಕ್ಕೂ ಡೇ ಕೇರ್ ದುಡ್ಡು, ಕೆಲಸವಿರುವ ದಿನಕ್ಕೆ ಅಕ್ಕಪಕ್ಕದವರ ಕೈಕಾಲು ಹಿಡಿಯುವುದು.

ಜತೆಗಿದ್ದ ಸೊಮಾಲಿಯಾದ ಹೆಂಗಸೊಬ್ಬರು ಒಂದು ಸಂಜೆ ನನ್ನನ್ನು ಮೀಟಿಂಗಿಗೆ ಕರೆದುಕೊಂಡು ಹೋದರು. ವರ್ಕಿಂಗ್ ವಾಷಿಂಗ್ಟನ್ ಎಂಬ ಸಂಘಟನೆಯವರು, ಬೇರೆ ಬೇರೆ ಅಂಗಡಿ, ಕಾಫಿ ಕೌಂಟರ್‌ಗಳವರು ಸೇರಿದ್ದರು. 15 ಡಾಲರ್ ಗೆದ್ದ ಮೇಲೆ ಮುಂದೇನು ಎನ್ನುವ ಮಾತು. ಸುತ್ತ ಕೂತವರೆಲ್ಲ ಒಬ್ಬೊಬ್ಬರಾಗಿ ತಮ್ಮ ವಾರ ಹೇಳಿದರು. ಒಬ್ಬ ಹುಡುಗ ಕಾಲೇಜಿಗೆ ಎರಡು ಸಲ ಸೇರಿ ಎರಡು ಸಲ ಬಿಟ್ಟಿದ್ದ, ಕ್ಲಾಸಿನ ಹೊತ್ತಿಗೆ ಪಾಳಿ ಹಾಕಿದರು ಅಂತ. ನಾನು ಕ್ಲೋಪನಿಂಗ್ ವಿಷಯ ಹೇಳಿದೆ. ಅಷ್ಟು ದಿನ ನನ್ನ ಮನೆ ನಡೆಸುವುದು ನನಗೇ ಬರುತ್ತಿಲ್ಲ ಅಂದುಕೊಂಡಿದ್ದೆ. ಹದಿನೆಂಟು ಜನ ಒಂದೇ ಕಥೆ ಹೇಳಿದ ಮೇಲೆ ಅದು ನನ್ನ ತಪ್ಪಾಗಿ ಉಳಿಯಲಿಲ್ಲ.

ಪಾಳಿಗಳಿಗೂ ಒಂದು ಕಾನೂನು ಬೇಕು ಅಂತ ಪ್ರಚಾರ ಶುರುವಾಯಿತು. ಪ್ರಚಾರ ಅಂದರೆ ಭಾಷಣ ಅಂದುಕೊಂಡಿದ್ದೆ. ಬಹುಪಾಲು ಅದು ಬ್ರೇಕ್ ರೂಮಿನ ಹತ್ತು ನಿಮಿಷದ ಮಾತು. ಕೈಯಲ್ಲಿ ಪೋಸ್ಟ್‌ಕಾರ್ಡ್ ಗಾತ್ರದ ಕಾರ್ಡುಗಳು. ಅದರಲ್ಲಿ ನಾಲ್ಕು ಪ್ರಶ್ನೆ: ಶೆಡ್ಯೂಲ್ ಎಷ್ಟು ದಿನ ಮುಂಚೆ ಸಿಗುತ್ತದೆ, ಇಂಥವು. ಜನಕ್ಕೆ ಹೆದರಿಕೆ. ಕೆಲಸದಿಂದ ತೆಗೆಯಬೇಕಾಗಿಯೂ ಇಲ್ಲ, ಮುಂದಿನ ವಾರ ನಾಲ್ಕು ಗಂಟೆ ಹಾಕಿದರೆ ಸಾಕು, ನಾವೇ ಬಿಟ್ಟು ಹೋಗುತ್ತೇವೆ. ಕೆಲಸಗಾರರು ತಮ್ಮ ಸಂಬಳ, ಕೆಲಸದ ಸ್ಥಿತಿಗತಿ ಕುರಿತು ಒಬ್ಬರಿಗೊಬ್ಬರು ಮಾತಾಡಿಕೊಳ್ಳುವುದು ಇಲ್ಲಿ 1935ರ ಕಾನೂನು ಕೊಟ್ಟ ಹಕ್ಕು. ನನಗೆ ಅದು ಗೊತ್ತಾಗಿದ್ದೇ ಆ ಮೀಟಿಂಗಿನಲ್ಲಿ. ಅದನ್ನು ಒಂದು ಚೀಟಿಯಲ್ಲಿ ಬರೆದು ಐಡಿ ಕಾರ್ಡಿನ ಹಿಂದೆ ಇಟ್ಟುಕೊಂಡಿದ್ದೆ. ಹೆದರಿದವರಿಗೆ ತೆಗೆದು ತೋರಿಸುತ್ತಿದ್ದೆ.

ವಿರೋಧ ನಮ್ಮೊಳಗಿಂದಲೂ ಬಂತು. ಓದುತ್ತಿದ್ದ ಒಬ್ಬ ಹುಡುಗಿ, “ಪರೀಕ್ಷೆ ಇದ್ದಾಗ ನಾನು ಪಾಳಿ ಬದಲಾಯಿಸಿಕೊಳ್ಳುತ್ತೇನೆ, ನಿಮ್ಮ ಕಾನೂನು ಬಂದರೆ ಅದಕ್ಕೂ ಕಲ್ಲು ಬೀಳುತ್ತೆ” ಅಂದಳು. ಸರಿಯಾದ ಪ್ರಶ್ನೆ ಅಲ್ವಾ? ಅವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ. ಮೀಟಿಂಗಿಗೆ ಹೋಗಿ ಕೇಳಿದೆ. ಅವಳಂಥವರು ಎಲ್ಲ ಕಡೆ ಇದ್ದರು. ಕೊನೆಗೆ ಬಂದ ಕಾನೂನಿನಲ್ಲಿ ಕೆಲಸಗಾರರು ತಾವಾಗಿಯೇ ಪಾಳಿ ಅದಲು ಬದಲು ಮಾಡಿಕೊಂಡರೆ ಯಾವ ತಡೆಯೂ ಇಲ್ಲ, ಅಂಗಡಿಗೆ ಯಾವ ಖರ್ಚೂ ಇಲ್ಲ.

ನಗರ ಕೌನ್ಸಿಲ್ಲಿನಲ್ಲಿ ಲೀಸಾ ಹರ್ಬೋಲ್ಡ್, ಲೊರೆನಾ ಗೊನ್ಸಾಲೆಸ್ ಎಂಬ ಇಬ್ಬರು ಸದಸ್ಯೆಯರು ಇದನ್ನು ಕೈಗೆತ್ತಿಕೊಂಡರು. ಸಿಟಿ ಹಾಲಿನ ಸಭೆಯಲ್ಲಿ ಯಾರು ಬೇಕಾದರೂ ಹೆಸರು ಬರೆಸಿ ಮಾತಾಡಬಹುದು. ನಾನು ಆಗ ಇನ್ನೂ ಪ್ರಜೆಯಾಗಿರಲಿಲ್ಲ, ಮತ ಹಾಕುವಂತಿರಲಿಲ್ಲ. ಮಾತಾಡೋಕೆ ಮಾತ್ರ ಅಡ್ಡಿಯಿರಲಿಲ್ಲ. ಎರಡು ನಿಮಿಷ ಕೊಟ್ಟರು. ನನ್ನ ಇಂಗ್ಲಿಷ್ ಮೇಲೆ ನನಗೆ ನಂಬಿಕೆ ಇರಲಿಲ್ಲ. ಹಾಗಾಗಿ ಫೆಬ್ರವರಿಯ ನಾಲ್ಕು ಹಾಳೆಗಳ ಫೋಟೋ ಪ್ರಿಂಟ್ ಹಾಕಿಸಿ ಕೊಂಡೊಯ್ದೆ. ನನ್ನ ಸಾಲಿಗೆ ಹಳದಿ ಬಣ್ಣ ಬಳಿದಿದ್ದೆ. 26 ಗಂಟೆ, 11 ಗಂಟೆ, 22 ಗಂಟೆ, 9 ಗಂಟೆ. ಅಷ್ಟನ್ನೇ ಓದಿದೆ. ಆಮೇಲೆ, “ನನ್ನ ಬಾಡಿಗೆ ಎಲ್ಲ ತಿಂಗಳೂ ಒಂದೇ” ಅಂದೆ. ಸಮಯ ಇನ್ನೂ ಉಳಿದಿತ್ತು. ಮುಂದೆ ಏನೂ ತೋಚದೆ ಬಂದು ಕೂತುಬಿಟ್ಟೆ. ಪಕ್ಕದಲ್ಲಿದ್ದ ಸೊಮಾಲಿ ಅಕ್ಕ ನನ್ನ ಕೈ ಹಿಡಿದುಕೊಂಡರು. ಅವರ ಕೈ ನನ್ನದಕ್ಕಿಂತ ಜಾಸ್ತಿ ನಡುಗುತ್ತಿತ್ತು. ಅವರ ಸರದಿ ಇನ್ನೂ ಬರಬೇಕಿತ್ತು.

2016ರ ಸೆಪ್ಟೆಂಬರ್ 19, ಸೋಮವಾರ, ಮತಕ್ಕೆ ಬಂತು. ಆ ದಿನ ರಜೆ ಕೇಳಿದ್ದೆ. ಹಾಳೆಯಲ್ಲಿ 12–8 ಬಂದಿತ್ತು. ಟ್ರಯಲ್ ರೂಮಿನಲ್ಲಿ ಜೀನ್ಸ್ ಮಡಚುತ್ತಿದ್ದಾಗ ಜೇಬಿನಲ್ಲಿ ಫೋನ್ ಅದುರಿತು. ಕೆಲಸದ ಹೊತ್ತಿನಲ್ಲಿ ನೋಡುವಂತಿಲ್ಲ. ಪರದೆ ಎಳೆದುಕೊಂಡು ನೋಡಿದೆ. ಮೆಸೇಜಿನಲ್ಲಿ ಎರಡೇ ಅಂಕಿ: 9–0. ಒಂಬತ್ತು ಸದಸ್ಯರೂ ಪರವಾಗಿ ಮತ ಹಾಕಿದ್ದರು.

ಕಾನೂನು 2017ರ ಜುಲೈ 1ರಿಂದ ಜಾರಿಗೆ ಬಂತು. ಪ್ರಪಂಚದಾದ್ಯಂತ ಒಟ್ಟು 500 ಅಥವಾ ಹೆಚ್ಚು ಜನರಿರುವ ದೊಡ್ಡ ಅಂಗಡಿಗಳಿಗೆ, ಫಾಸ್ಟ್‌ಫುಡ್, ಕಾಫಿ ಕಂಪನಿಗಳಿಗೆ ಅದು ಅನ್ವಯಿಸುತ್ತದೆ. ಕುಳಿತು ಊಟ ಮಾಡುವ ರೆಸ್ಟೊರೆಂಟ್ ಆದರೆ ಜತೆಗೆ 40 ಶಾಖೆಗಳಿರಬೇಕು. ಬೀದಿ ಕೊನೆಯ ಸಣ್ಣ ಅಂಗಡಿಯವರನ್ನು ಅದು ಮುಟ್ಟುವುದಿಲ್ಲ. ಶೆಡ್ಯೂಲ್ 14 ದಿನ ಮುಂಚೆ ಕೊಡಬೇಕು. ಆಮೇಲೆ ಗಂಟೆ ಸೇರಿಸಿದರೆ, ಮಾಡಿದ ಕೆಲಸದ ಸಂಬಳದ ಜತೆ ಇನ್ನೊಂದು ಗಂಟೆಯ ಸಂಬಳ. ಗಂಟೆ ಕಡಿತ ಮಾಡಿದರೆ, ನಡುವೆ ಮನೆಗೆ ಕಳಿಸಿದರೆ, ಆನ್ ಕಾಲ್ ಹಾಕಿ ಕರೆಯದೇ ಹೋದರೆ, ಕಳೆದುಹೋದ ಗಂಟೆಗಳಿಗೆ ಅರ್ಧ ಸಂಬಳ. ಮುಚ್ಚುವ ಪಾಳಿಗೂ ತೆರೆಯುವ ಪಾಳಿಗೂ ನಡುವೆ 10 ಗಂಟೆ ಬಿಡುವು. ನಾವೇ ಒಪ್ಪಿ ಬೇಗ ಬಂದರೆ ಬಿಡುವು ಕಡಿಮೆಯಾದಷ್ಟು ಗಂಟೆಗೆ ಒಂದೂವರೆ ಪಟ್ಟು. ಹೊಸಬರನ್ನು ತೆಗೆದುಕೊಳ್ಳುವ ಮೊದಲು ಇರುವವರಿಗೆ “ಗಂಟೆ ಬೇಕಾ” ಅಂತ ಕೇಳಬೇಕು. ಬಾಗಿಲಿನ ಆ ಬೋರ್ಡು ನೆನಪಿದೆಯಲ್ಲ, ಅದಕ್ಕೆ ಉತ್ತರ ಇದು.

ಅಂಗಡಿಗಳು ಮುಚ್ಚಿಹೋಗುತ್ತವೆ ಅಂತ ಹೆದರಿಸಿದವರಿದ್ದರು. ಹೆಚ್ಚುಕಡಿಮೆ ಅದೇ ಕಾಲಕ್ಕೆ ಗ್ಯಾಪ್ ಎಂಬ ಬಟ್ಟೆ ಕಂಪನಿ ಸ್ಯಾನ್ ಫ್ರಾನ್ಸಿಸ್ಕೊ, ಶಿಕಾಗೋ ಸುತ್ತಮುತ್ತ ತನ್ನ 28 ಅಂಗಡಿಗಳಲ್ಲಿ ಸಂಶೋಧಕರ ಜತೆ ಸೇರಿ ಒಂದು ಪ್ರಯೋಗ ಮಾಡಿತು. ಕೆಲವು ಅಂಗಡಿಗಳಲ್ಲಿ ಪಾಳಿಗಳನ್ನು ಆದಷ್ಟು ಸ್ಥಿರವಾಗಿಟ್ಟರು. ಆ ಅಂಗಡಿಗಳಲ್ಲಿ ವ್ಯಾಪಾರವೇ ಸುಮಾರು ಶೇ. 7ರಷ್ಟು ಜಾಸ್ತಿಯಾಯಿತು. ನನಗೆ ಇದರಲ್ಲಿ ಆಶ್ಚರ್ಯವೇನೂ ಕಾಣುವುದಿಲ್ಲ. ನಿದ್ದೆ ಮಾಡಿ ಬಂದವಳಿಗೆ ಯಾವ ಸೈಜು ಯಾವ ಕಪಾಟಿನಲ್ಲಿದೆ ಎಂದು ನೆನಪಿರುತ್ತದೆ. ನಿದ್ದೆಗೆಟ್ಟವಳು “ಇಲ್ಲ, ಮುಗಿದಿದೆ” ಅನ್ನುತ್ತಾಳೆ. ನಾನೇ ಹಾಗೆ ಎಷ್ಟು ಸಲ ಅಂದಿದ್ದೇನೆ. ನಮ್ಮ ಸಿಯಾಟಲ್ ಕಾನೂನಿನ ಮೇಲೂ ಅಧ್ಯಯನ ನಡೆಯಿತು. ಕೆಲಸಗಾರರ ನಿದ್ದೆ ಸುಧಾರಿಸಿದೆ, ಕೈ ಬಿಗಿಯಾಗುವುದು ಕಡಿಮೆಯಾಗಿದೆ ಅಂತ 2021ರಲ್ಲಿ ಪ್ರಕಟವಾಯಿತು.

ಇನ್ನೊಂದು ಅಧ್ಯಯನವನ್ನು ಮುಚ್ಚಿಡುವುದು ಸರಿಯಲ್ಲ. 2017ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದವರು, ವೇತನ 13ಕ್ಕೆ ಏರಿದಾಗ ಕಡಿಮೆ ಸಂಬಳದ ಕೆಲಸಗಳಲ್ಲಿ ಗಂಟೆಗಳು ಸುಮಾರು ಶೇ. 9ರಷ್ಟು ಇಳಿದವು ಅಂದರು. ಅದೇ ತಿಂಗಳು ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದವರು ಹೋಟೆಲ್ ಕೆಲಸಗಳನ್ನು ನೋಡಿ, ಸಂಬಳ ಏರಿದೆ, ಕೆಲಸ ಕಡಿಮೆಯಾಗಿಲ್ಲ ಅಂದರು. ಮೊದಲನೆಯದರಲ್ಲಿ ಹಲವು ಶಾಖೆಗಳಿರುವ ದೊಡ್ಡ ಕಂಪನಿಗಳ ಲೆಕ್ಕವೇ ಸೇರಿರಲಿಲ್ಲ, ಅಂದರೆ ನನ್ನಂಥವರು ಅದರಲ್ಲಿ ಇಲ್ಲ. ಆದರೂ ಗಂಟೆ ಕಡಿತ ಅಂದಾಗ ಸುಳ್ಳು ಅಂತ ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ. 14 ಗಂಟೆಯ ಆ ಹಾಳೆ ನಾನು ನೋಡಿದವಳು. ಅದಕ್ಕೆ ಔಷಧಿ ವೇತನ ಇಳಿಸುವುದಲ್ಲ. ದರಕ್ಕೆ ಕಾವಲು ಇಟ್ಟ ಹಾಗೆ ಗಂಟೆಗೂ ಕಾವಲು ಇಡಬೇಕು.

ರೆಂಟನ್ನಿನಲ್ಲಿ ನಾವು ಕೇಳಿದ್ದು ಅದನ್ನೇ. ಸಿಯಾಟಲ್ಲಿನ ಗಡಿ ದಾಟಿ ನಮ್ಮೂರಿಗೆ ಬಂದರೆ ಸಂಬಳ ರಾಜ್ಯದ ಮಟ್ಟಕ್ಕೆ ಇಳಿಯುತ್ತಿತ್ತು. ಪಕ್ಕದ ಟಕ್ವಿಲಾ 2022ರಲ್ಲಿ ಏರಿಸಿಕೊಂಡಿತು. 2023ರಲ್ಲಿ ನಾವು ಸಹಿ ಸಂಗ್ರಹಕ್ಕೆ ಇಳಿದೆವು. ವೇತನ ಏರಿಸಿ, ಜತೆಗೆ ಇರುವ ಅರೆಕಾಲಿಕ ಕೆಲಸಗಾರರಿಗೆ ಮೊದಲು ಗಂಟೆ ಕೊಡಿ ಅಂತ. ಭಾನುವಾರಗಳಂದು ಲೈಬ್ರರಿ ಮುಂದೆ, ಬಸ್ ನಿಲ್ದಾಣದಲ್ಲಿ ಕ್ಲಿಪ್‌ಬೋರ್ಡ್ ಹಿಡಿದು ನಿಲ್ಲುತ್ತಿದ್ದೆ. ಮಳೆಗೆ ಕಾಗದ ನೆಂದು ಪೆನ್ನು ಓಡುತ್ತಿರಲಿಲ್ಲ. ಮಗ, ಈಗ ನನಗಿಂತ ಎತ್ತರ, ಪಕ್ಕದಲ್ಲಿ ಕೊಡೆ ಹಿಡಿಯುತ್ತಿದ್ದ. 2024ರ ಫೆಬ್ರವರಿ 13ರಂದು ಅದೂ ಗೆದ್ದಿತು. ಅಷ್ಟು ಹೊತ್ತಿಗೆ ನಾನು ಪ್ರಜೆಯಾಗಿದ್ದೆ. ಮತಪತ್ರ ಅಂಚೆಯಲ್ಲಿ ಮನೆಗೇ ಬಂದಿತ್ತು. ಅಡುಗೆಮನೆ ಮೇಜಿನ ಮೇಲಿಟ್ಟು ಗುರುತು ಹಾಕಿದೆ. ಪಕ್ಕದ ಮನೆ ಅಜ್ಜಿಯ ಲಕೋಟೆಯನ್ನೂ ನಾನೇ ತೆಗೆದುಕೊಂಡು ಹೋಗಿ ಡಬ್ಬಕ್ಕೆ ಹಾಕಿ ಬಂದೆ.

ಸಿಯಾಟಲ್ಲಿನಲ್ಲಿ ಕನಿಷ್ಠ ವೇತನ 2025ರಲ್ಲಿ 20 ಡಾಲರ್ 76 ಸೆಂಟ್ ಆಯಿತು. ಇಡೀ ದೇಶಕ್ಕೆ ಅನ್ವಯಿಸುವ ಕನಿಷ್ಠ ವೇತನ ಮಾತ್ರ 2009ರ ಜುಲೈಯಿಂದ 7 ಡಾಲರ್ 25 ಸೆಂಟಿನಲ್ಲೇ ನಿಂತಿದೆ. ಟಿಪ್ಸ್ ಮೇಲೆ ಬದುಕುವವರಿಗೆ ಮಾಲೀಕರು ಕೊಡಲೇಬೇಕಾದದ್ದು 2 ಡಾಲರ್ 13 ಸೆಂಟ್, ಅದೂ 1991ರಿಂದ. ಶೆಡ್ಯೂಲ್ ವಿಷಯದಲ್ಲಿ ಇಡೀ ರಾಜ್ಯಕ್ಕೇ ಕಾನೂನು ಮಾಡಿದ ಮೊದಲ ರಾಜ್ಯ ಆರೆಗಾನ್, 2017ರಲ್ಲಿ. ನಮ್ಮ ವಾಷಿಂಗ್ಟನ್ನಿನಲ್ಲಿ ಅದು ಸಿಯಾಟಲ್ ದಾಟಿಲ್ಲ. 101ನೇ ಬಸ್ಸಿನಲ್ಲಿ ನನ್ನ ಜತೆ ಬರುವ ಹುಡುಗಿಗೆ, ರೆಂಟನ್ನಿನ ಅಂಗಡಿಯಲ್ಲಿ ಕೆಲಸ ಅವಳಿಗೆ, ಮುಂದಿನ ವಾರದ ಗಂಟೆಗಳು ಈಗಲೂ ಶುಕ್ರವಾರವೇ ಗೊತ್ತಾಗುವುದು. ಅವಳ ಜತೆ ಮಾತು ಶುರುವಾಗಿದೆ. ನನ್ನ ಹಳೇ ಕಾರ್ಡುಗಳಲ್ಲಿ ಕೆಲವು ಉಳಿದಿದ್ದವು, ಕೊಟ್ಟಿದ್ದೇನೆ.

ನಾನು ಈಗಲೂ ಅದೇ ಅಂಗಡಿಯಲ್ಲಿದ್ದೇನೆ. ಹಾಳೆ ಹೋಗಿ ಆ್ಯಪ್ ಬಂದಿದೆ. ಹೋದ ವಾರ ಹೊಸದಾಗಿ ಸೇರಿದ ಹುಡುಗ ಬ್ರೇಕ್ ರೂಮಿನಲ್ಲಿ ಸಂಬಳದ ಚೀಟಿ ನೋಡುತ್ತಿದ್ದ. ಹಿಂದಿನ ವಾರ ಮ್ಯಾನೇಜರ್ ಅವನನ್ನು ಕರೆದು ಎರಡು ಗಂಟೆ ಜಾಸ್ತಿ ನಿಲ್ಲಲು ಹೇಳಿದ್ದರು. ಚೀಟಿಯಲ್ಲಿ ಆ ಎರಡು ಗಂಟೆ ಇತ್ತು, ಕೆಳಗಿನ ಸಾಲಿನಲ್ಲಿ ಇನ್ನೊಂದು ಗಂಟೆಯ ದುಡ್ಡೂ ಇತ್ತು. “ಇದು ತಪ್ಪಾಗಿ ಬಂದಿದೆ ಅನಿಸುತ್ತೆ, ವಾಪಸ್ ಹೇಳಬೇಕಾ?” ಅಂತ ನನ್ನನ್ನು ಕೇಳಿದ. ನನ್ನ ಬ್ರೇಕಿನಲ್ಲಿ ಇನ್ನು ಏಳು ನಿಮಿಷ ಉಳಿದಿತ್ತು. ಕುರ್ಚಿ ಎಳೆದುಕೊಂಡು ಅವನ ಪಕ್ಕ ಕೂತೆ.